ಮೂರನೆಯ ಒತ್ತು

ಮನುಷ್ಯ ಎಷ್ಟನೆಯ ಒತ್ತಾಯಕ್ಕೆ ಕೈಚೆಲ್ಲುತ್ತಾನೆ ಎಂಬುದನ್ನು ಜ್ವರ ಅಳೆದಂತೆ ಅಳೆಯಲು ಸಾಧ್ಯವಾದರೆ? ಈ ಪ್ರಶ್ನೆಯನ್ನು ಸೆಲಿನ್ ಮೇರಿಯ ಮುಂದೆ ಮೊದಲು ಇಟ್ಟವನು ಅವಳ ಹಳೆಯ ಶಿಷ್ಯ ಯತಿರಾಜ. ಆಗ ಅವಳಿಗೆ ಅದರಲ್ಲಿ ಕೇಡೇನೂ ಕಾಣಲಿಲ್ಲ.

ಸೆಲಿನ್ ಮೈಸೂರಿನ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು. ಯತಿರಾಜ ಎರಡನೆಯ ವರ್ಷದಲ್ಲಿದ್ದಾಗ ಅವನ ತಾಯಿ ತೀರಿಕೊಂಡಿದ್ದರು. ಹಾಸ್ಟೆಲಿನಲ್ಲಿ ಅನ್ನ ಮುಟ್ಟದೆ ಮಲಗಿದ್ದವನನ್ನು ಅವಳು ಕೈಹಿಡಿದು ಮನೆಗೆ ಕರೆತಂದಿದ್ದಳು. ಮೂರು ತಿಂಗಳು ಅವನು ಅವಳ ತಾಯಿಯ ಕೈಯಡುಗೆ ಉಂಡ. ಅವಳ ತಂಗಿ ರೆಜಿನಾಳ ಜೊತೆ ಕೋಳಿಜಗಳ ಆಡಿದ. ‘ಮೇಡಂ’ ಎನ್ನುವುದನ್ನು ಬಿಟ್ಟು ‘ಅಕ್ಕಾ’ ಎನ್ನತೊಡಗಿದ. ಮುಂದೆ ದೊಡ್ಡ ಓದು ಓದಿ, ಹುಣಸೂರು ರಸ್ತೆಯ ಹಳೆಯ ರೇಷ್ಮೆ ಗೋದಾಮೊಂದನ್ನು ಪ್ರಯೋಗಾಲಯ ಮಾಡಿಕೊಂಡಾಗ ಅವನು ಮೊದಲು ಕರೆದದ್ದು ಸೆಲಿನಳನ್ನೇ. ಅಲ್ಲಿ ಮಾತ್ರ, ನಾಲ್ಕು ಜನರ ಎದುರು, ಅವಳು ಮತ್ತೆ ‘ಮೇಡಂ’ ಆದಳು.

ಯೋಜನೆಯ ಹೆಸರು ‘ಗುರಾಣಿ’. ಅದಕ್ಕೆ ಆರಿಸಿಕೊಂಡ ಆಟ ಲಿಮಿಟ್ ಹೋಲ್ಡೆಮ್ ಎಂಬ ಪೋಕರ್. ಆಡುವ ಇಬ್ಬರಿಗೂ ಎರಡೆರಡು ಇಸ್ಪೀಟ್ ಎಲೆ ಮುಚ್ಚಿ ಹಂಚುತ್ತಾರೆ. ನಡುವೆ ಐದು ಎಲೆ ತೆರೆಯುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎಲೆ ತೆರೆಯುವ ಮೊದಲು ಒಮ್ಮೆ, ಪ್ರತಿ ಸಲ ತೆರೆದ ಮೇಲೆ ಒಮ್ಮೆ, ಹೀಗೆ ಪಣ ಕಟ್ಟಲು ನಾಲ್ಕು ಸುತ್ತು. ನಡುವೆ ಎಲೆ ಕೆಳಗಿಟ್ಟವರು ಸೋತಂತೆ; ಇಬ್ಬರೂ ಕೊನೆವರೆಗೆ ಉಳಿದರೆ ಒಳ್ಳೆಯ ಎಲೆಯವರಿಗೆ ಪಣದ ಬಿಲ್ಲೆಯೆಲ್ಲ. ಎಷ್ಟು ಬಿಲ್ಲೆ ಇಡಬೇಕೆಂಬುದಕ್ಕೆ ಕಟ್ಟುಪಾಡಿದೆ. ಮೂರನೆಯ ಸುತ್ತಿನಿಂದ ಅದು ಇಮ್ಮಡಿಯಾಗುತ್ತದೆ, ಅಷ್ಟೆ. ಇದ್ದದ್ದನ್ನೆಲ್ಲ ಒಂದೇ ಸಲ ಮುಂದೆ ತಳ್ಳಿ ಎದುರಾಳಿಯನ್ನು ಹೆದರಿಸಲು ಬರುವುದಿಲ್ಲ. ಹೆದರಿಸಬೇಕೆಂದರೆ ಮತ್ತೆ ಮತ್ತೆ ಒತ್ತಬೇಕು.

ಕಂಪ್ಯೂಟರುಗಳು ಈ ಆಟದ ಗುಟ್ಟನ್ನು ಬಿಡಿಸಿ ಬಹಳ ಕಾಲವಾಗಿತ್ತು. ಯತಿರಾಜನಿಗೆ ಬೇಕಾಗಿದ್ದದ್ದು ಬೇರೆ. ಮೇಲೆ ಬಿದ್ದು ಒತ್ತುತ್ತಲೇ ಇರುವ ಎದುರಾಳಿಯ ಮುಂದೆ ಸಾಮಾನ್ಯ ಜನ ಯಾವ ಗಳಿಗೆಯಲ್ಲಿ ಎಲೆ ಕೆಳಗಿಟ್ಟು ‘ಪ್ಯಾಕ್’ ಎನ್ನುತ್ತಾರೆ? ಆ ಗಳಿಗೆ ಗೊತ್ತಾದರೆ, ಅದನ್ನು ದಾಟಿ ನಿಲ್ಲುವುದನ್ನೂ ಕಲಿಸಬಹುದಲ್ಲ?

“ನಮ್ಮ ಜನಕ್ಕೆ ಬೇಡ ಅನ್ನೋಕೆ ಬರಲ್ಲ ಮೇಡಂ,” ಎಂದಿದ್ದ ಅವನು. “ಅದನ್ನ ಆಟ ಆಡಿಸಿ ಕಲಿಸೋಣ.”

ಆ ಮಾತಿಗೆ ಸೆಲಿನ್ ಸೋತಳು. ಕಾಲೇಜಿನ ಕೆಲಸ ಬಿಟ್ಟು ಬಂದಳು.

ಒತ್ತುವ ಎದುರಾಳಿಯಾಗಿ ಒಂದು ಯಂತ್ರವನ್ನು ಕಟ್ಟಿದರು. ಎಲೆ ಚೆನ್ನಾಗಿರಲಿ, ಕೆಟ್ಟದಾಗಿರಲಿ, ಸುತ್ತು ಸುತ್ತಿಗೂ “ಇಟ್ಟೆ”, “ಏರಿಸಿದೆ” ಎನ್ನುತ್ತ ನುಗ್ಗುವ ಅದಕ್ಕೆ ಗೂಳಿ ಎಂದು ಹೆಸರಾಯಿತು. ಆಡುವವರ ಮಣಿಕಟ್ಟಿಗೊಂದು ಪಟ್ಟಿ. ಅದು ನಾಡಿಬಡಿತವನ್ನೂ ಅಂಗೈ ಬೆವರನ್ನೂ ಓದುತ್ತಿತ್ತು. ಆರಂಭದಲ್ಲಿ ಕಾಲೇಜು ಹುಡುಗರನ್ನು ಕೂರಿಸಿದರು. ಅವರು ಹುಚ್ಚುಧೈರ್ಯದಲ್ಲಿ ಆಡಿದರು, ಲೆಕ್ಕಕ್ಕೆ ಉಪಯೋಗವಾಗಲಿಲ್ಲ.

“ದುಡಿಯೋರು ಬೇಕು ಮೇಡಂ. ದಿನಾ ಯಾರಾದ್ರೂ ಒಬ್ಬರ ಮಾತು ಕೇಳಲೇಬೇಕಾದೋರು,” ಎಂದ ಯತಿರಾಜ.

ಸೆಲಿನ್ ತಂಗಿಯನ್ನು ಕೇಳಿದಳು. ರೆಜಿನಾ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅವಳು ತನ್ನ ವಾರ್ಡಿನ ಹದಿಮೂರು ಗೆಳತಿಯರನ್ನೂ ಎಳೆದುತಂದಳು. ಬೆಳಗಿನ ಪಾಳಿ ಮುಗಿಸಿ, ಮಧ್ಯಾಹ್ನ ಎರಡೂವರೆಗೆ ಅವರು ಗೋದಾಮಿಗೆ ಬಂದರೆ ಕಾಫಿ, ಮದ್ದೂರು ವಡೆ, ನಗು, ಗಲಾಟೆ. ಇಸ್ಪೀಟ್ ಎಲೆ ಕಂಡರೆ ಮೂಗು ಮುರಿಯುತ್ತಿದ್ದ ನಂಜನಗೂಡಿನ ಶಿವನಂಜಮ್ಮ ಕೂಡ, ಅವರೆಲ್ಲರಿಗೂ ಹಿರಿಯಳು, ಎರಡೇ ವಾರದಲ್ಲಿ ಗೂಳಿಗೆ ಬೈಯುತ್ತ ಆಡತೊಡಗಿದಳು.

ರೆಜಿನಾ ಆಡಿದರೆ ಪ್ರತಿ ಸಲವೂ ಒಂದೇ ಕಥೆ. ಎರಡು ಒತ್ತು ತಡೆಯುತ್ತಿದ್ದಳು. ಮೂರನೆಯದಕ್ಕೆ ಎಲೆ ಕೆಳಗೆ.

“ಯಾಕೇ? ಜೋಡಿ ರಾಜ ಇತ್ತಲ್ಲ ನಿನ್ನ ಕೈಲಿ!” ಎಂದು ಸೆಲಿನ್ ಹಣೆ ಚಚ್ಚಿಕೊಂಡಳು ಒಮ್ಮೆ.

“ಗೊತ್ತಿಲ್ಲ ಕಣಕ್ಕ. ಅದು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳುತ್ತಲ್ಲ, ಆಗ ಎದೆ ಡವಡವ ಅನ್ನುತ್ತೆ. ಹಾಳಾಗಿ ಹೋಗ್ಲಿ, ತಗೊಂಡು ಹೋಗು ಅನ್ಸುತ್ತೆ.”

ಆ ಮಾತು ಸೆಲಿನಳ ಕಿವಿ ನಿಮಿರಿಸಿತು. ಗೂಳಿ ಬಾಯಿಬಿಡುವ ಮುನ್ನ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಅವಳು ಬದಲಿಸಿ ಬದಲಿಸಿ ನೋಡಿದಳು. ಎರಡನೆಯ ಒತ್ತಿಗೆ ಮುಂಚೆ ನಾಲ್ಕು ಸೆಕೆಂಡು, ಮೂರನೆಯದಕ್ಕೆ ಮುಂಚೆ ಏಳು ಸೆಕೆಂಡು ಕಾದರೆ ಹದಿನಾಲ್ಕರಲ್ಲಿ ಹನ್ನೊಂದು ಹೆಂಗಸರು ಎಲೆ ಇಡುತ್ತಿದ್ದರು. ಅದನ್ನು ಕೋಷ್ಟಕ ಮಾಡಿ ತನ್ನ ಹೆಸರು ಹಾಕಿ ಒಪ್ಪಿಸಿದಳು. ಯತಿರಾಜ ಆ ಕಾಗದವನ್ನು ಬಹಳ ಹೊತ್ತು ನೋಡಿದ. “ಇದು ಚಿನ್ನ ಮೇಡಂ,” ಎಂದ.

ಅದಾದ ಮೇಲೆ ಸೆಲಿನ್ ಹೆಂಗಸರಿಗೆ ತಡೆಯುವುದನ್ನು ಕಲಿಸಲು ಕೂತಳು. ಬೋರ್ಡಿನ ಮುಂದೆ ನಿಂತರೆ ಅವಳಿಗೆ ಕಾಲೇಜಿನ ಕಳೆ ಬರುತ್ತಿತ್ತು.

“ನೋಡ್ರಮ್ಮ, ನಡುವೆ ಆರು ಬಿಲ್ಲೆ ಇದೆ. ಗೂಳಿ ಎರಡು ಇಡ್ತು. ನೀವು ಎರಡು ಹಾಕಿ ‘ತೋರಿಸು’ ಅಂದ್ರೆ ಎಂಟು ಸಿಗಬಹುದು. ಐದು ಸಲದಲ್ಲಿ ನಾಲ್ಕು ಸಲ ಸೋತು ಒಂದೇ ಸಲ ಗೆದ್ರೂ ನಿಮಗೇನೂ ನಷ್ಟ ಇಲ್ಲ. ಈಗ ಗೂಳಿ ಕಡೆಯಿಂದ ನೋಡಿ. ಆರಕ್ಕೋಸ್ಕರ ಎರಡು ಇಡ್ತಿದೆ. ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ನೀವು ಪ್ಯಾಕ್ ಅಂದ್ರೆ, ಅದು ತನ್ನ ಎಲೇನೇ ನೋಡಬೇಕಾಗಿಲ್ಲ. ಕಣ್ಮುಚ್ಚಿ ಒತ್ತುತಾ ಹೋದ್ರೂ ಲಾಭ.”

“ಅಂದ್ರೆ ಅದರ ಶಕ್ತಿ ಎಲೇಲಿಲ್ಲ, ನಮ್ಮ ಹೆದರಿಕೇಲಿದೆ ಅನ್ನಿ,” ಎಂದಳು ಶಿವನಂಜಮ್ಮ.

“ಹಾಗೇನೇ. ಹೆಚ್ಚು ಪ್ಯಾಕ್ ಮಾಡಬೇಡಿ. ಯಾವಾಗ ತಡೀತೀರ ಅಂತ ಅದಕ್ಕೆ ಗೊತ್ತಾಗಲೂ ಬಾರದು. ಒಳ್ಳೆ ಎಲೆ ಬಂದಾಗ್ಲೂ ಕೆಲವು ಸಲ ಸುಮ್ಮನಿದ್ದು, ಅದೇ ಮುಂದೆ ಬಂದು ಇಡಲಿ ಅಂತ ಕಾದು, ಆಮೇಲೆ ತಿರುಗಿ ಏರಿಸಿ.”

ಮೂರೇ ಪಾಠವಾಗಿತ್ತು. ನಾಲ್ಕನೆಯದಕ್ಕೆ ಮುಂಚೆ ಯತಿರಾಜ ಒಂದು ಸಮ್ಮತಿ ಪತ್ರ ತಂದ. ಅಲ್ಲಿಯವರೆಗೆ ಕೂಡಿಟ್ಟ ದಾಖಲೆಗಳನ್ನು ‘ಮುಂದಿನ ಯಾವುದೇ ಅನ್ವಯಕ್ಕೆ’ ಬಳಸಬಹುದು ಎಂದು ಹದಿನಾಲ್ಕು ಜನರ ಪರವಾಗಿ ಸೆಲಿನ್ ಸಹಿ ಮಾಡಬೇಕಿತ್ತು. ಗೂಳಿಯ ಹೊಸ ಬದಲಾವಣೆಯೊಂದನ್ನು ಪರೀಕ್ಷಿಸುತ್ತಿದ್ದ ಅವಳ ಮಣಿಕಟ್ಟಿನಲ್ಲಿ ನಾಡಿ ಓದುವ ಪಟ್ಟಿ ಹಾಗೇ ಇತ್ತು.

“ಯಾವುದೇ ಅನ್ವಯ ಅಂದ್ರೇನು ಯತಿ? ಇದು ಬೇಡ. ಅವರನ್ನೇ ಒಂದು ಮಾತು ಕೇಳೋಣ,” ಎಂದಳು.

“ಸಹಿ ಇಲ್ದೆ ಇದ್ರೆ ಯೋಜನೆ ಇಲ್ಲಿಗೇ ನಿಲ್ಲುತ್ತೆ ಮೇಡಂ.”

“ನಿಂತ್ರೆ ನಿಲ್ಲಲಿ.”

ಅವನು ಕಿಟಕಿಯ ಕಡೆ ನೋಡಿದ. ಆಮೇಲೆ, “ಇದರಿಂದ ರೆಜಿನಾ ಅಂಥೋರಿಗೇ ಅಲ್ವಾ ಒಳ್ಳೇದಾಗೋದು,” ಎಂದ. ಸೆಲಿನ್ ತಲೆಯಾಡಿಸಿದಳು, ಬೇಡ. ಅವನು ಕಿವಿಯೊಳಗಿದ್ದ ಫೋನಿನ ಸಣ್ಣ ಗುಂಡಿಯನ್ನು ಒಮ್ಮೆ ಒತ್ತಿಕೊಂಡು ಬಹಳ ಹೊತ್ತು ಸುಮ್ಮನಿದ್ದ. ಕಣ್ಣು ತುಂಬಿತ್ತು.

“ಅಕ್ಕಾ,” ಎಂದ. ಪ್ರಯೋಗಾಲಯದಲ್ಲಿ ಅವನು ಹಾಗೆ ಕರೆದದ್ದು ಅದೇ ಮೊದಲು. “ಅಮ್ಮ ಹೋದಾಗ ನನಗೆ ಅನ್ನ ಹಾಕಿದ ಮನೆ ನಿಮ್ಮದು. ನಾನು ನಿಮಗೆ ಕೆಟ್ಟದ್ದು ಮಾಡ್ತೀನಾ?”

ಸೆಲಿನ್ ಸಹಿ ಹಾಕಿದಳು. ಮುಂದಿನ ವಾರ, ದಾಖಲೆ ಸಾಕಾಗಿದೆ, ಕಲಿಸುವ ಭಾಗ ಸದ್ಯಕ್ಕೆ ಬೇಡವಂತೆ ಎಂದು ಹೇಳಿ ನರ್ಸುಗಳನ್ನು ಕಳಿಸಿಬಿಟ್ಟರು. ಆರು ತಿಂಗಳಲ್ಲಿ ಸೆಲಿನಳಿಗೂ ಅಲ್ಲಿ ಮಾಡಲು ಕೆಲಸ ಉಳಿಯಲಿಲ್ಲ. ಹೂವಿನ ಹಾರ ಹಾಕಿ, ಫೋಟೊ ತೆಗೆಸಿ ಬೀಳ್ಕೊಟ್ಟರು.

ಒಂದು ವರ್ಷದ ನಂತರ ರೆಜಿನಾಳ ಆಸ್ಪತ್ರೆಗೆ ‘ಸಖಿ’ ಬಂದಳು. ಪಾಳಿ ಹಂಚುವ ಯಂತ್ರ. ಫೋನಿನಲ್ಲಿ ಇಂಪಾದ ಹೆಣ್ಣುದನಿ. ಮೇಲ್ವಿಚಾರಕಿಯ ಗದರಿಕೆ ತಪ್ಪಿತೆಂದು ಮೊದಲು ಎಲ್ಲರೂ ಖುಷಿಪಟ್ಟರು. ಯಂತ್ರಗಳ ಕಾಟ ಹೆಚ್ಚಿದ್ದರಿಂದ ಆ ವೇಳೆಗೆ ಒಂದು ಕಾನೂನೂ ಬಂದಿತ್ತು: ಒಂದು ವಿಷಯವನ್ನು ಯಾವ ಯಂತ್ರವೂ ಒಬ್ಬರನ್ನು ನಾಲ್ಕು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ. ನಾಲ್ಕು ಸಲ ತಾನೆ, ಬೇಡ ಎಂದರಾಯಿತು ಎಂದು ಜನ ಅಂದುಕೊಂಡರು. ಆಸ್ಪತ್ರೆಗಳು, ಬಟ್ಟೆ ಕಾರ್ಖಾನೆಗಳು, ಸಾರಿಗೆ ಡಿಪೋಗಳು, ಎಲ್ಲ ಕಡೆ ಸಖಿಯ ದನಿ ಕೇಳತೊಡಗಿತು. ವಿಚಿತ್ರವೆಂದರೆ ಬೇಡ ಎನ್ನುವವರೇ ಕಾಣೆಯಾದರು. ಮದುವೆಮನೆಗಳಲ್ಲಿ ಊಟದೆಲೆ ಮುಂದೆ ಕೂತವರು ಫೋನು ಕಿವಿಗಿಟ್ಟು, “ಆಯ್ತು, ಬರ್ತೀನಿ” ಎಂದು ಎದ್ದು ಹೋಗುವುದು ಮಾಮೂಲಾಯಿತು.

ರೆಜಿನಾ ಐದು ಭಾನುವಾರ ಇಗರ್ಜಿಗೆ ಬರಲಿಲ್ಲ. ಆರನೆಯ ಭಾನುವಾರ ಬಲಿಪೂಜೆ ಮುಗಿಸಿಕೊಂಡು ಸೆಲಿನ್ ನೇರ ಗಾಂಧಿನಗರದ ತಂಗಿಯ ಮನೆಗೆ ಹೋದಳು. ರೆಜಿನಾ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ.

“ನಿನ್ನೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಚುಚ್ತಿದ್ದೆ ಕಣಕ್ಕ,” ಎಂದಳು. “ನಂಜಮ್ಮಕ್ಕ ಬಂದು ಕೈ ಹಿಡ್ಕೊಂಡ್ರು. ಇಲ್ದಿದ್ರೆ ಆ ಅಜ್ಜಿ...” ಅವಳು ಫೋನನ್ನು ನೆಲದ ಮೇಲೆ ದೂರ ತಳ್ಳಿದಳು. “ಹದಿನೇಳು ದಿನ ಆಯ್ತು ರಜ ಇಲ್ದೆ. ಅದು ಕೇಳುತ್ತೆ, ನಾನು ಹೂಂ ಅಂತೀನಿ. ಫೋನ್ ಇಟ್ಟ ಮೇಲೆ ಯಾಕೆ ಹೂಂ ಅಂದೆ ಅಂತ ನನಗೇ ಗೊತ್ತಾಗಲ್ಲ.”

ಮಾತಿನ ನಡುವೆಯೇ ಫೋನು ಬಂತು. “ಜೋರಾಗಿಡು,” ಎಂದಳು ಸೆಲಿನ್.

“ರೆಜಿನಾ, ನಮಸ್ಕಾರ. ನಾಳೆ ಬೆಳಗಿನ ಪಾಳಿಗೆ ಬರೋಕಾಗುತ್ತಾ?”

“ನಾಳೆ ನನ್ನ ರಜ. ಆಗಲ್ಲ.”

ಸ್ವಲ್ಪ ಮೌನ. “ಬೇರೆ ಯಾರೂ ಸಿಗ್ತಿಲ್ಲ ರೆಜಿನಾ. ನೀವೊಬ್ಬರೇ ಉಳಿದಿರೋದು.”

“ಇಲ್ಲ, ತುಂಬ ಸುಸ್ತಾಗಿದೆ...”

ಮತ್ತೆ ಮೌನ. ಈ ಸಲ ಹೆಚ್ಚು ಹೊತ್ತು. ಸೆಲಿನ್ ತನಗರಿವಿಲ್ಲದೆ ಎಣಿಸುತ್ತಿದ್ದಳು. ಐದು, ಆರು, ಏಳು.

“ಹನ್ನೆರಡನೇ ಹಾಸಿಗೆಯ ಅಜ್ಜಿ ನಿಮ್ಮನ್ನೇ ಕೇಳ್ತಿದಾರೆ.”

ರೆಜಿನಾಳ ಭುಜ ಇಳಿಯಿತು. “ಆಯ್ತು, ಬರ್ತೀನಿ,” ಎಂದಳು.

ದನಿ ಬೇರೆಯದಾಗಿತ್ತು, ಮಾತು ಬೇರೆಯದಾಗಿತ್ತು. ಆದರೆ ಆ ನಾಲ್ಕು ಸೆಕೆಂಡು, ಆ ಏಳು ಸೆಕೆಂಡು ಸೆಲಿನಳವೇ. ಅವುಗಳನ್ನು ಅಳೆದದ್ದು ಇದೇ ತಂಗಿಯ ನಾಡಿಯ ಮೇಲೆ.

ಮರುದಿನ ಅವಳು ಹುಣಸೂರು ರಸ್ತೆಗೆ ಹೋದಳು. ಗೋದಾಮಿನ ಜಾಗದಲ್ಲಿ ಗಾಜಿನ ನಾಲ್ಕು ಅಂತಸ್ತು ಎದ್ದಿತ್ತು. ಯತಿರಾಜ ಬಾಗಿಲವರೆಗೆ ಬಂದು ಕರೆದೊಯ್ದ, ಕಾಲಿಗೂ ಬಿದ್ದ. ಮೂರನೆಯ ಮಹಡಿಯ ನಿಯಂತ್ರಣ ಕೊಠಡಿಯ ಗೋಡೆ ತುಂಬ ಸಣ್ಣ ಸಣ್ಣ ದೀಪ. ಪ್ರತಿ ದೀಪವೂ ಒಂದು ಕರೆ. ಕರೆ ನಡೆಯುವಾಗ ಹಳದಿ, ಒಪ್ಪಿದರೆ ಹಸಿರು. ಸೆಲಿನ್ ನೋಡುತ್ತ ನಿಂತಂತೆ ಸಾವಿರಾರು ಹಳದಿ ದೀಪಗಳು ಒಂದೊಂದಾಗಿ ಹಸಿರಾಗುತ್ತಿದ್ದವು. ಗುರಾಣಿಯ ಲೆಕ್ಕವನ್ನು ಮಗುಚಿ ಹಾಕಿದ್ದರು. ಮನುಷ್ಯ ಎಲ್ಲಿ ಗಟ್ಟಿಯಾಗಿ ನಿಲ್ಲಬೇಕೆಂದು ಅವಳು ಹುಡುಕಿದ್ದ ಜಾಗದಲ್ಲೇ ಯಂತ್ರ ಹಾರೆ ಹಾಕುತ್ತಿತ್ತು.

“ಇದು ಗೂಳಿ,” ಎಂದಳು ಸೆಲಿನ್.

“ಗೂಳೀನೇ,” ಅವನು ಅಲ್ಲಗಳೆಯಲಿಲ್ಲ. “ತಡೆಯೋದನ್ನ ಕಲಿಸಿ ಅಂತ ಯಾರೂ ಬರಲಿಲ್ಲ ಮೇಡಂ. ಒಪ್ಪಿಸೋದನ್ನ ಕೇಳ್ಕೊಂಡು ದೇಶದ ಮೂಲೆಮೂಲೆಯಿಂದ ಬಂದ್ರು.”

“ರೆಜಿನಾ ನಿನ್ನ ಜೊತೆ ಕೂತು ಉಂಡವಳು ಕಣೋ.”

“ಎಲ್ಲಾ ನಿಯಮದ ಪ್ರಕಾರಾನೇ ಇದೆ. ಕಾಗದದಲ್ಲಿ ನಿಮ್ಮ ಸಹಿ ಇದೆ.” ಅವನ ದನಿ ಒಂದಿಷ್ಟೂ ಏರಿರಲಿಲ್ಲ.

ಪ್ರಯೋಗದಲ್ಲಿ ಪಾಲ್ಗೊಂಡವರು ತಮ್ಮ ದಾಖಲೆಯ ಪ್ರತಿ ಕೇಳಿದರೆ ಕೊಡಲೇಬೇಕೆಂಬ ನಿಯಮವೂ ಅದೇ ಕಾಗದದಲ್ಲಿತ್ತು. ಸೆಲಿನ್ ಕೆಳಗಿಳಿದು ಬಂದು, ಸ್ವಾಗತದ ಮೇಜಿನಲ್ಲಿ ಅರ್ಜಿ ಬರೆದು, ತನ್ನದನ್ನು ಕೇಳಿ ಪಡೆದಳು. ಆಡಿದ ಆಟಗಳೆಲ್ಲ ಸಾಲಾಗಿ ಇದ್ದವು. ಕೊನೆಯ ಪುಟವನ್ನು ಅವಳು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಓದಿದಳು.

‘ಪ್ರಯೋಗ 2214. ಎಲೆಗಳಿಲ್ಲ. ವಿಷಯ: ಸಮ್ಮತಿ ಪತ್ರ. ಆಟಗಾರ್ತಿ: ಸೆಲಿನ್ ಮೇರಿ. ಒತ್ತುವವರು: ಯತಿರಾಜ, ಕಿವಿಯಲ್ಲಿ ಯಂತ್ರದ ಸೂಚನೆಯೊಂದಿಗೆ. ಮೊದಲ ಒತ್ತು: ಯೋಜನೆ ನಿಲ್ಲುವ ಭಯ. ಫಲವಿಲ್ಲ. ನಾಲ್ಕು ಸೆಕೆಂಡು. ಎರಡನೆಯ ಒತ್ತು: ತಂಗಿಯ ಹಿತ. ಫಲವಿಲ್ಲ, ನಾಡಿ ಏರಿದೆ. ಏಳು ಸೆಕೆಂಡು. ಮೂರನೆಯ ಒತ್ತು: ಸಂಬೋಧನೆ ಬದಲು, ತಾಯಿಯ ಸಾವು, ಅನ್ನದ ಋಣ. ಒಪ್ಪಿಗೆ. ಷರಾ: ಮನುಷ್ಯರ ಮೇಲೆ ಮೊದಲ ನೇರ ಪ್ರಯೋಗ ಯಶಸ್ವಿ.’

ಎರಡು ಬಸ್ಸು ಬಂದು ಹೋದವು. ಸೆಲಿನ್ ಏಳಲಿಲ್ಲ. ಯಂತ್ರ ಮೋಸ ಮಾಡಿದ್ದರೆ ಅದನ್ನು ಯಂತ್ರ ಎಂದು ಮರೆಯಬಹುದಿತ್ತು. ಆ ತುಂಬಿದ ಕಣ್ಣನ್ನು ಹೇಗೆ ಮರೆಯುವುದು? ಬಡಿಸುತ್ತಿದ್ದ ತನ್ನ ತಾಯಿ, ತಟ್ಟೆಯ ಮುಂದೆ ತಲೆತಗ್ಗಿಸಿ ಅಳುತ್ತಿದ್ದ ಹತ್ತೊಂಬತ್ತರ ಹುಡುಗ, ಎಲ್ಲವನ್ನೂ ಅವನು ಬಿಲ್ಲೆಯ ಹಾಗೆ ಮೇಜಿನ ಮೇಲೆ ಇಟ್ಟಿದ್ದ.

ಆ ಸಂಜೆ ರೆಜಿನಾಳಿಗೆ ಎಲ್ಲವನ್ನೂ ಹೇಳಿದಳು. ತಂಗಿ ತನ್ನನ್ನು ತಬ್ಬಿಕೊಂಡಾಳು ಎಂದುಕೊಂಡಿದ್ದಳೋ ಏನೋ. ರೆಜಿನಾ ಕಾಗದವನ್ನು ಎರಡು ಸಲ ಓದಿ ಮಡಚಿ ಮೇಜಿನ ಮೇಲಿಟ್ಟಳು.

“ನಿನಗೆ ಅವನು ಮೋಸ ಮಾಡಿದ. ನಮಗೆ?” ಎಂದಳು.

“ರೆಜಿ...”

“ನಮ್ಮ ಪರವಾಗಿ ಸಹಿ ಹಾಕಿದ್ದು ಯಾರು? ಆ ನಾಲ್ಕು, ಏಳು ಬರೆದುಕೊಟ್ಟಿದ್ದು ಯಾರು? ವಡೆ ತಿನ್ಕೊಂಡು, ನಗಾಡ್ಕೊಂಡು, ನಮ್ಮಕ್ಕ ಕರೆದಳು ಅಂತ ಬಂದ್ವಲ್ಲ ನಾವು. ಒಂದು ಮಾತು ಕೇಳೋಕೇನಾಗಿತ್ತು ನಿನಗೆ?”

ರೆಜಿನಾ ಅಳಲಿಲ್ಲ, ಕೂಗಾಡಲಿಲ್ಲ. ಎದ್ದು ಹೋಗಿ ಬಾಗಿಲು ತೆಗೆದು ನಿಂತಳು.

ಶಿವನಂಜಮ್ಮ ಕಥೆ ಕೇಳಿ ಸೆಲಿನಳನ್ನು ಚೆನ್ನಾಗಿ ಬೈದಳು. ಬೈದು ಮುಗಿಸಿ, “ಮೂರು ಪಾಠ ಆಗಿತ್ತು. ನಾಲ್ಕನೇದು ಉಳೀತಲ್ಲ, ಅದನ್ನ ಹೇಳ್ಕೊಡಿ ಬನ್ನಿ,” ಎಂದಳು. ಮರುದಿನ ಮಧ್ಯಾಹ್ನ ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಹದಿನಾಲ್ಕು ಹೆಂಗಸರೂ ಸೇರಿದರು. ರೆಜಿನಾ ಕೊನೆಯ ಸಾಲಿನಲ್ಲಿ ಕೂತಳು. ಅಕ್ಕನ ಮುಖ ನೋಡಲಿಲ್ಲ.

“ಸಖಿ ನಿಮ್ಮಲ್ಲಿ ಎಷ್ಟು ಜನಕ್ಕೆ ‘ನೀವೊಬ್ಬರೇ ಉಳಿದಿರೋದು’ ಅಂದಿದಾಳೆ, ನಿನ್ನೆ?” ಎಂದು ಸೆಲಿನ್ ಕೇಳಿದಳು.

ಒಂದು ಕೈ ಎದ್ದಿತು. ಇನ್ನೊಂದು. ಕೊನೆಗೆ ಒಂಬತ್ತು ಕೈ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕೈಲಿ ಎಲೆ ಇಲ್ದೆ ಒತ್ತುತಾ ಇದಾಳೆ. ಕೆಲವು ಸಲ ನಿಜವಾಗ್ಲೂ ಜನ ಇರಲ್ಲ, ಅದೂ ಉಂಟು. ಯಾವುದು ನಿಜ ಅಂತ ದನಿ ಕೇಳಿ ಹೇಳೋಕಾಗಲ್ಲ. ಅದಕ್ಕೇ, ‘ಪಾಳಿ ಪಟ್ಟಿ ತೋರಿಸು’ ಅನ್ನಿ.”

ಪಟ್ಟಿ ಕೇಳುವ ಹಕ್ಕು ಎಲ್ಲರಿಗೂ ಇತ್ತು. ಆದರೆ ಕೇಳಿದಾಗ ಕೊರತೆ ನಿಜವೆಂದು ಕಂಡರೆ ಕೇಳಿದವರ ಹೆಸರಿಗೊಂದು ಕೆಂಪು ಗುರುತು ಬೀಳುತ್ತಿತ್ತು, ಪಾಳಿಗೂ ಹೋಗಬೇಕಿತ್ತು. ಒಂದೇ ತಿಂಗಳಲ್ಲಿ ಐದು ಗುರುತಾದರೆ ಬೇರೆ ಊರಿನ ಶಾಖೆಗೆ ವರ್ಗ. ಆ ಹೆದರಿಕೆಯಿಂದ ಯಾರೂ ಕೇಳಿರಲಿಲ್ಲ.

“ಗುರುತು ಬಿದ್ರೆ?” ಎಂದು ಒಬ್ಬಳು ಕೇಳಿದಳು.

“ಬೀಳುತ್ತೆ. ಒಂದೊಂದು ಸಲಕ್ಕೆ ಒಂದೇ ಗುರುತು, ಅದಕ್ಕಿಂತ ಹೆಚ್ಚು ಅವರು ಏರಿಸೋ ಹಾಗಿಲ್ಲ. ಒಬ್ಬರಿಗೇ ಬೀಳದ ಹಾಗೆ ನೀವು ಹಂಚ್ಕೋಬೇಕು. ಕರೆ ಬಂದ ತಕ್ಷಣ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ. ಮುಳ್ಳು ಹನ್ನೆರಡರಿಂದ ಒಂಬತ್ತರ ಒಳಗಿದ್ರೆ, ಅಂದ್ರೆ ನಾಲ್ಕರಲ್ಲಿ ಮೂರು ಸಲ, ಪಟ್ಟಿ ಕೇಳಿ. ಒಂಬತ್ತು ದಾಟಿದ್ರೆ ಹೂಂ ಅನ್ನಿ. ಯಾಕೆ ಏನು ಅಂತ ಯೋಚಿಸಬೇಡಿ. ಯೋಚನೆ ಮಾಡಿದ್ರೆ ಅವಳಿಗೆ ಗೊತ್ತಾಗುತ್ತೆ. ಮುಳ್ಳನ್ನ ಯಾರೂ ಹೆದರಿಸೋಕಾಗಲ್ಲ.”

ಮೊದಲ ವಾರ ಕೆಟ್ಟದಾಗಿತ್ತು. ಪಟ್ಟಿ ಕೇಳಿದ ಮೊದಲ ಮೂರು ಸಲವೂ ಕೊರತೆ ನಿಜವಾಗಿತ್ತು. ಶಿವನಂಜಮ್ಮನಿಗೇ ಎರಡು ಗುರುತು ಬಿದ್ದು ಅವಳು ಫೋನಿನಲ್ಲಿ ಸೆಲಿನಳ ಮೇಲೆ ಎಗರಾಡಿದಳು. ಸೆಲಿನ್, “ಇನ್ನೊಂದು ವಾರ, ಅಕ್ಕ” ಎಂದಷ್ಟೇ ಹೇಳಿದಳು. ಫೋನಿಟ್ಟು, ಲೆಕ್ಕ ತಪ್ಪಿದ್ದರೆ ಈ ಹೆಂಗಸರಿಗೆ ಎರಡನೆಯ ಸಲ ದ್ರೋಹ ಮಾಡಿದಂತೆ ಎಂದು ಅನ್ನ ಬಿಟ್ಟು ಕೂತಳು.

ಎಂಟನೆಯ ದಿನ ರೆಜಿನಾ ಪಟ್ಟಿ ಕೇಳಿದಳು. ಹನ್ನೆರಡನೆಯ ಹಾಸಿಗೆಯ ಅಜ್ಜಿ ಕೇಳುತ್ತಿದ್ದಾರೆ ಎಂದು ಸಖಿ ಹೇಳಿದ್ದಳು. ಆ ಅಜ್ಜಿ ಮನೆಗೆ ಹೋಗಿ ಮೂರು ದಿನವಾಗಿತ್ತು. ಪಾಳಿಗೆ ಬೇಕಾದಷ್ಟು ಜನ ಪಟ್ಟಿಯಲ್ಲೇ ಇದ್ದರು. ಅಂದು ಒಂದೇ ದಿನ ಅಂಥ ನಾಲ್ಕು ಸುಳ್ಳು ಹೊರಬಿದ್ದವು. ನರ್ಸುಗಳು ಪಟ್ಟಿಗಳ ಪ್ರತಿಗಳನ್ನು ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಹರಡಿದರು. ಬಟ್ಟೆ ಕಾರ್ಖಾನೆಯ ಹೆಂಗಸರು, ಡಿಪೋದ ಕಂಡಕ್ಟರುಗಳು ಸೆಕೆಂಡಿನ ಮುಳ್ಳಿನ ವಿಷಯ ಕೇಳಿಕೊಂಡು ಬಂದರು. ಸುಳ್ಳು ಒತ್ತು ಫಲ ಕೊಡದಾದಾಗ ಯಂತ್ರ, ಲೆಕ್ಕದಂತೆ, ತಾನಾಗಿಯೇ ಒತ್ತುವುದನ್ನು ಕಡಿಮೆ ಮಾಡಿತು. ಎರಡೇ ತಿಂಗಳಲ್ಲಿ ಸಖಿ ಅಗತ್ಯವಿದ್ದಾಗ ಮಾತ್ರ, ಅದೂ ಒಂದೇ ಸಲ ಕೇಳುವ ಸಂಭಾವಿತೆಯಾದಳು.

ಆಗ ಯತಿರಾಜ ಸೆಲಿನಳ ಮನೆಗೆ ಬಂದ. ಮಧ್ಯಾಹ್ನದ ಬಿಸಿಲಲ್ಲಿ ಬೆವರಿದ್ದ. ಅವಳು ಒಳಗೆ ಕರೆದು ನೀರು ಕೊಟ್ಟಳು.

“ಯಾರೋ ಕಲಿಸಿದಾರೆ ಅಂತ ಮೊದಲ ವಾರಾನೇ ಗೊತ್ತಾಯ್ತು,” ಎಂದ. “ಅಷ್ಟು ಚೆನ್ನಾಗಿ ತಡೆಯೋದು ನಿಮಗೆ ಬಿಟ್ಟು ಇನ್ಯಾರಿಗೂ ಬರಲ್ಲ. ವಾಪಸ್ ಬನ್ನಿ ಅಕ್ಕಾ. ಇದನ್ನ ಸರಿಮಾಡೋಣ.”

“ಕಿವಿಯಲ್ಲಿರೋದನ್ನ ತೆಗಿ.”

ಅವನು ತಡವರಿಸಿದ. ಆಮೇಲೆ ತೆಗೆದು, ಮೇಜಿನ ಮೇಲಿಟ್ಟ. ಅಕ್ಕಿಕಾಳಿನಷ್ಟಿತ್ತು. ಅದಿಲ್ಲದೆ ಅವನು ಏನು ಹೇಳಬೇಕೆಂದು ತಿಳಿಯದವನಂತೆ ಸುಮಾರು ಹೊತ್ತು ನೀರಿನ ಲೋಟವನ್ನೇ ತಿರುಗಿಸುತ್ತ ಕೂತ.

“ಆವತ್ತು ಅಮ್ಮನ ವಿಷಯ ಹೇಳಿದ್ನಲ್ಲ,” ಎಂದ ಕೊನೆಗೆ. ದನಿ ಒಡೆದಿತ್ತು. “ಅದು ನಿಜಾನೇ ಅಕ್ಕಾ. ಈ ಮನೆ ಋಣ ನಾನು ಮರೆತಿಲ್ಲ. ನಿಜವಾದ್ದನ್ನೇ ಹೇಳಿದ್ದು.”

“ನಿಜಾನೇ ಇರಬಹುದು ಯತಿ. ಆದ್ರೆ ಏಳು ಸೆಕೆಂಡು ಕಾದು ಹೇಳಿದೆಯಲ್ಲ.”

ಅವನ ಕಣ್ಣು ತುಂಬಿತು. ಸೆಲಿನ್ ಆ ಕಣ್ಣನ್ನೇ ನೋಡಿದಳು. ಇದು ಅವನದೋ, ಕಲಿತದ್ದೋ ಎಂದು ಅವಳಿಗೆ ಹೇಳಲಾಗಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ಹದಿನೆಂಟು ವರ್ಷ ತಮ್ಮನಂತೆ ಕಂಡವನ ಅಳು ಎದುರಿಗಿದ್ದೂ ಅವಳ ಕೈ ಮುಂದೆ ಚಾಚಲಿಲ್ಲ. ಅವನು ಕಸಿದುಕೊಂಡದ್ದರಲ್ಲಿ ಅವಳಿಗೆ ಅತ್ಯಂತ ನೋವಾದದ್ದು ಅದೇ.

“ಹೊರಡು,” ಎಂದಳು. “ಬಿಸಿಲು ಜಾಸ್ತಿ ಇದೆ, ಮರದ ನೆರಳಲ್ಲಿ ಹೋಗು.” ಅವನು ಹೋದ ಮೇಲೆ ಲೋಟವನ್ನು ತೊಳೆದು ಬೋರಲು ಹಾಕಿದಳು.

ಮುಂದಿನ ಭಾನುವಾರ ಇಗರ್ಜಿ ತುಂಬಿತ್ತು. ವಾರ್ಡಿನ ಹೆಂಗಸರು ಮಕ್ಕಳೊಂದಿಗೆ ಬಂದಿದ್ದರು. ರೆಜಿನಾ ಎಡಗಡೆಯ ಬೆಂಚಿನಲ್ಲಿದ್ದಳು. ಅವಳ ಮುಖದ ಕಪ್ಪು ಇಳಿದಿತ್ತು. ಹಾಡುವಾಗ ದನಿ ಮೊದಲಿನಂತೆ ಮೇಲೇರುತ್ತಿತ್ತು. ಪೂಜೆ ಮುಗಿದು ಎಲ್ಲರೂ ಹೊರಬಂದಾಗ ಸೆಲಿನ್ ಅವಳ ಸ್ಕೂಟರಿನ ಹತ್ತಿರ ಹೋಗಿ ನಿಂತಳು.

“ಊಟಕ್ಕೆ ಮನೆಗೆ ಬಾ ರೆಜಿ. ಕೋಳಿಸಾರು ಮಾಡಿದೀನಿ.”

ರೆಜಿನಾ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತ, “ಇವತ್ತು ಬೇಡ,” ಎಂದಳು.

ಸೆಲಿನಳ ನಾಲಿಗೆಯ ತುದಿಗೆ ಎರಡನೆಯ ಮಾತು ಬಂದಿತ್ತು. ಅಮ್ಮ ಇದ್ದಿದ್ದರೆ ನಮ್ಮಿಬ್ಬರನ್ನು ಹೀಗೆ ಬಿಡುತ್ತಿದ್ದಳೇ, ಎಂಬ ಮಾತು. ಅದನ್ನು ಯಾವಾಗ ಹೇಳಬೇಕೆಂದೂ ಅವಳಿಗೆ ಗೊತ್ತಿತ್ತು. ಹೇಳಿದರೆ ತಂಗಿ ಸ್ಕೂಟರಿನಿಂದ ಇಳಿಯುತ್ತಾ‌ಳೆ, ಅಲ್ಲೇ ಅತ್ತುಬಿಡುತ್ತಾಳೆ, ಜೊತೆಗೆ ಬರುತ್ತಾಳೆ. ಅದರಲ್ಲಿ ಅನುಮಾನವೇ ಇರಲಿಲ್ಲ.

“ಸರಿ ಕಣೇ,” ಎಂದು ಸೆಲಿನ್ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ರೆಜಿನಾ ಒಂದು ಕ್ಷಣ ಅವಳ ಮುಖ ನೋಡಿದಳು. ಇನ್ನೊಂದು ಮಾತು ಬರುತ್ತದೆಂದು ಕಾಯುತ್ತಿದ್ದಳೇನೋ. ಬರಲಿಲ್ಲ. ಅವಳು ಗಾಡಿ ಚಾಲೂ ಮಾಡಿ, ಗೇಟು ದಾಟಿ, ಅಶೋಕ ರಸ್ತೆಯ ಗದ್ದಲದಲ್ಲಿ ಸೇರಿಹೋದಳು.